ಕೃಷ್ಣೆ ಹರಿಯುವ ಹಲಗೆ: ಮರದ ನಕ್ಷೆ, ಮೂರನೇ ಸುತ್ತು

ಡೊಂಬಿವಲಿಯ ಕನ್ನಡ ಮಕ್ಕಳ ಭಾನುವಾರದ ತರಗತಿಗೆಂದು ಮಾಡುತ್ತಿರುವ, ಜಿಲ್ಲೆಯಾಕಾರದ ತುಂಡು ಜೋಡಿಸಿ ಆಡುವ ಹಲಗೆ ಇದು, ನಾಲ್ಕರಿಂದ ಏಳು ವರ್ಷದವರಿಗೆ. ಮೊದಲೆರಡು ಸುತ್ತಿನಲ್ಲಿ ಮಹಾರಾಷ್ಟ್ರದ 36, ಕರ್ನಾಟಕದ 31 ಜಿಲ್ಲೆಗಳನ್ನೂ ತುರುಕುವ ಆಸೆಯಿತ್ತು. ಮಕ್ಕಳು ಅಂಚಿನ ಆಕಾರ ನೋಡಿ ತುಂಡು ಕೂರಿಸಿ ಎದ್ದುಹೋಗುತ್ತಿದ್ದರು. ಬೀದರಿನ ಬದಲು ಬಾತುಕೋಳಿಯ ತುಂಡು ಕೊಟ್ಟಿದ್ದರೂ ಅಷ್ಟೇ. ಈಗ 19 ತುಂಡು ಮಾತ್ರ. ಅವುಗಳ ಮೇಲೆ ನದಿ, ರೈಲು ಹಾದುಹೋಗುತ್ತವೆ. ಗೆರೆ ಕೂಡಿದರೆ ತುಂಡು ಸರಿ.

ಏಪ್ರಿಲ್ ಕೊನೆ

ಅಳತೆ ಗೊತ್ತಾಯಿತು: 1 ಮಿ.ಮೀ.ಗೆ ಒಂದೂವರೆ ಕಿ.ಮೀ. ಠಾಣೆಯಿಂದ ದಕ್ಷಿಣ ಕನ್ನಡದ ತುದಿಯವರೆಗೆ ಸುಮಾರು 535 ಮಿ.ಮೀ., ರಾಯಚೂರಿನವರೆಗೆ ಅಗಲ 350. ಎರಡಡಿ ಉದ್ದ, ಒಂದೂವರೆ ಅಡಿ ಅಗಲದ ಹಲಗೆಯಲ್ಲಿ ಸುತ್ತ ಚೌಕಟ್ಟಿಗೂ ಜಾಗ ಉಳಿಯುತ್ತದೆ.

ಕರಾವಳಿಯ ಸಾಲಿನಲ್ಲಿ ಎಂಟು: ಠಾಣೆ, ರಾಯಗಡ, ರತ್ನಾಗಿರಿ, ಸಿಂಧುದುರ್ಗ, ಗೋವಾ, ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ. ಒಳನಾಡಿನಲ್ಲಿ ಹನ್ನೊಂದು: ಪುಣೆ, ಸಾತಾರಾ, ಸಾಂಗ್ಲಿ, ಕೊಲ್ಹಾಪುರ, ಸೊಲ್ಲಾಪುರ, ಬೆಳಗಾವಿ, ಬಾಗಲಕೋಟೆ, ವಿಜಯಪುರ, ಕಲಬುರಗಿ, ಯಾದಗಿರಿ, ರಾಯಚೂರು. ನಡುವೆ ಉಳಿದ ಧಾರವಾಡ, ಗದಗದಂಥವು ಬಣ್ಣವಿಲ್ಲದೆ ಹಲಗೆಗೇ ಅಂಟಿಕೊಂಡಿರುತ್ತವೆ. ಹುಬ್ಬಳ್ಳಿಯವರ ಕ್ಷಮೆ ಇರಲಿ.

ತಲೆನೋವು ಮುಂಬಯಿಯದೇ. ನಗರ, ಉಪನಗರ ಎರಡು ಜಿಲ್ಲೆ ಸೇರಿಸಿದರೂ ಈ ಅಳತೆಯಲ್ಲಿ 28 ಮಿ.ಮೀ. ಉದ್ದ, 8 ಮಿ.ಮೀ. ಅಗಲದ ಚೂರು. ಆಟಿಕೆಗಳ ಸುರಕ್ಷತೆ ಪರೀಕ್ಷಿಸುವ ಕೊಳವೆಯ ಒಳವ್ಯಾಸ 31.7 ಮಿ.ಮೀ.; ಅದರೊಳಗೆ ಪೂರ್ತಿ ಇಳಿಯುವ ಯಾವ ತುಂಡೂ ಮೂರು ವರ್ಷದೊಳಗಿನ ಮಗುವಿನ ಕೈಗೆ ಸಿಗಬಾರದು. ತರಗತಿಗೆ ಅಕ್ಕಂದಿರ ಹಿಂದೆ ತಮ್ಮಂದಿರೂ ಬರುತ್ತಾರೆ. ಹಾಗಾಗಿ ಮುಂಬಯಿ ಕದಲುವುದಿಲ್ಲ: ಚೌಕಟ್ಟಿಗೆ ಅಂಟಿಸಿ ಕೆಂಪು ಬಳಿದದ್ದಾಯಿತು. ಆಟ ಶುರುವಾಗುವುದೂ ಅಲ್ಲಿಂದಲೇ.

ಮೇ ಎರಡನೇ ವಾರ

ತುಂಡುಗಳಿಗೆ 6 ಮಿ.ಮೀ. ಪ್ಲೈವುಡ್, ತಳಕ್ಕೆ 4 ಮಿ.ಮೀ.ನದು. ಮರದ ಪುಡಿ ಒತ್ತಿ ಮಾಡಿದ ಎಂಡಿಎಫ್ ಅಗ್ಗ, ಆದರೆ ಮುಂಬಯಿಯ ಮಳೆಗಾಲದಲ್ಲಿ ಅದರ ಅಂಚು ನೆನೆದ ರಸ್ಕಿನಂತೆ ಉಬ್ಬುತ್ತದೆ. 'ನೀರಿಗೆ ಜಗ್ಗದ್ದು' ಎಂದು ಮೆರೀನ್ ಪ್ಲೈ ಕೊಂಡರೆ ಇನ್ನೊಂದು ತೊಂದರೆ: ಅದರ ಫೀನಾಲಿಕ್ ಅಂಟನ್ನು ಲೇಸರ್ ಸಲೀಸಾಗಿ ಕತ್ತರಿಸದು, ಅಂಚು ಕರಕಲಾಗುತ್ತದೆ. ತೇವ ತಡೆಯುವ ಎಂಆರ್ ದರ್ಜೆಯದೇ ವಾಸಿ. ಕೊಳ್ಳುವಾಗ ಹಾಳೆಯ ಅಂಚು ನೋಡಿ. ಒಳಪದರದಲ್ಲಿ ಪೊಳ್ಳು ಕಂಡರೆ, ಬಿಳಿ ಪುಟ್ಟಿ ತುಂಬಿದ್ದು ಕಂಡರೆ ಬೇಡ; ಅಲ್ಲಿ ಲೇಸರ್ ಅರ್ಧಕ್ಕೇ ನಿಲ್ಲುತ್ತದೆ, ತುಂಡು ಒತ್ತಿ ತೆಗೆಯುವಾಗ ಸೀಳುತ್ತದೆ.

ಗಡಿಗೆರೆಯನ್ನು ಇದ್ದ ಹಾಗೇ ಕತ್ತರಿಸಬಾರದು. 8 ಮಿ.ಮೀ.ಗಿಂತ ಸಣ್ಣ ಮೂತಿಗಳು ಎರಡನೇ ವಾರಕ್ಕೆ ಮುರಿಯುತ್ತವೆ. ರಾಯಗಡ, ರತ್ನಾಗಿರಿಯ ಖಾಡಿಗಳನ್ನೆಲ್ಲ ನುಣುಪು ಮಾಡಿದೆವು.

ಬಣ್ಣ ಮೊದಲು, ಕತ್ತರಿ ಆಮೇಲೆ. ಕತ್ತರಿಸಿದ ಮೇಲೆ ಬಳಿದರೆ ಬಣ್ಣ ಅಂಚಿಗೂ ಇಳಿದು ಪ್ರತಿ ಸಂದಿನಲ್ಲಿ ಎರಡು ಪದರ ಕೂತು, ಸಾತಾರಾ, ಸಾಂಗ್ಲಿ, ಬೆಳಗಾವಿ ದಾಟುವಷ್ಟರಲ್ಲಿ ಕೊನೆಯ ತುಂಡು ಹಿಡಿಸುವುದೇ ಇಲ್ಲ. ಬಣ್ಣದ ಮೇಲೆ ಮಾಸ್ಕಿಂಗ್ ಟೇಪ್ ಹಚ್ಚದಿದ್ದರೆ ಹೊಗೆಯ ಕಲೆ ಗ್ಯಾರಂಟಿ.

ನಿಜವಾದ ಏಟು ಬಿದ್ದದ್ದು ನದಿಯೇ ಗಡಿಯಾದ ಕಡೆ. ಬಾಗಲಕೋಟೆ–ವಿಜಯಪುರದ ನಡುವೆ ಕೃಷ್ಣೆ, ರಾಯಚೂರು–ಯಾದಗಿರಿಯ ನಡುವೆಯೂ ಕೃಷ್ಣೆ, ಸೊಲ್ಲಾಪುರ–ವಿಜಯಪುರದ ನಡುವೆ ಒಂದಷ್ಟು ದೂರ ಭೀಮೆ. ಲೇಸರ್ ಹೋಗುವುದು ನೀರಿನ ಮೇಲೆಯೇ. 4 ಮಿ.ಮೀ. ಅಗಲದ ನೀಲಿ ಗೆರೆ ಎಳೆದಿದ್ದೆವು, ಎರಡೂ ಕಡೆ ಎರಡೆರಡು ಬರಲೆಂದು. ಹಾಳೆ ಯಂತ್ರದ ಮೇಲೆ 2 ಮಿ.ಮೀ. ಸರಿದಿತ್ತು. ಕೃಷ್ಣೆ ಪೂರ್ತಿ ವಿಜಯಪುರದ ಪಾಲಾದಳು, ಬಾಗಲಕೋಟೆ ಒಣಗಿತು. ಇಡೀ ಹಾಳೆ ದಂಡ. ಈಗ ಹಾಳೆಯ ಎದುರುಬದುರು ಮೂಲೆಗಳಲ್ಲಿ 3 ಮಿ.ಮೀ.ನ ಎರಡು ತೂತು. ನಕ್ಷೆ ಅಚ್ಚೊತ್ತುವಾಗ, ಕತ್ತರಿಸುವಾಗ ಅವೇ ಮೊಳೆಗಳಿಗೆ ಕೂರಿಸುವುದು.

ಮೇ ಕೊನೆ

ತುಂಡು ಹಿಡಿದೆತ್ತುವ ನಾಬ್‌ಗಳು ಚನ್ನಪಟ್ಟಣದ್ದು: ಆಲೆ ಮರ, ಅರಗಿನ ಬಣ್ಣ, 10 ಮಿ.ಮೀ. ದಪ್ಪ. ಜಿಲ್ಲಾ ಕೇಂದ್ರವಿರುವ ಜಾಗದಲ್ಲೇ ನಾಬ್ ಇಡುವುದು ಚೆಂದದ ಯೋಚನೆ, ಕೆಲಸಕ್ಕೆ ಬಾರದು. ಕಾರವಾರ ಉತ್ತರ ಕನ್ನಡದ ಮೂಲೆಯಲ್ಲಿದೆ, ಅಲಿಬಾಗ್, ಮಂಗಳೂರು ಕಡಲಂಚಿನಲ್ಲಿವೆ. ಅಲ್ಲಿ ಹಿಡಿದು ಎತ್ತಿದರೆ ತುಂಡು ವಾಲಿ ಸಂದಿನಲ್ಲಿ ಸಿಕ್ಕಿಕೊಳ್ಳುತ್ತದೆ. ತುಂಡನ್ನು ಪೆನ್ಸಿಲ್ಲಿನ ಹಿಂದುಗಡೆ ತೂಗಿಸಿ, ನಿಂತ ಕಡೆ ನಾಬ್. ಊರಿಗೆ ಕೆಂಪು ಚುಕ್ಕೆ. ಬರೀ ಫೆವಿಕಾಲ್ ಸಾಲದು, ಹಿಂದಿನಿಂದ 16 ಮಿ.ಮೀ. ಸ್ಕ್ರೂ, ತಲೆ ಮರದೊಳಗೆ ಮುಳುಗಬೇಕು. ಹತ್ತು ಕಿಲೋ ಅಕ್ಕಿ ಚೀಲ ನೇತುಹಾಕಿ ಒಂದೊಂದನ್ನೂ ಜಗ್ಗಿ ನೋಡಿದ್ದೇವೆ.

ಹೆಸರು ತುಂಡಿನ ಬೆನ್ನಿಗಲ್ಲ, ಗುಳಿಯ ತಳಕ್ಕೆ: ಕನ್ನಡದಲ್ಲೊಮ್ಮೆ, ದೇವನಾಗರಿಯಲ್ಲೊಮ್ಮೆ. ಕನ್ನಡದ 'ಸೊಲ್ಲಾಪುರ' ಶಾಲೆಯ ಮರಾಠಿಯಲ್ಲಿ 'ಸೋಲಾಪುರ' ಆಗುವುದು ಮಕ್ಕಳಿಗೇ ಮೊದಲು ಕಾಣುತ್ತದೆ.

ಜುಲೈ ಮೊದಲ ವಾರ

ಮಳೆ ಹಿಡಿದ ಹತ್ತೇ ದಿನಕ್ಕೆ ಏಳು ತುಂಡು ಬಿಗಿಯಾದವು. ಲೇಸರ್ ಬಿಡುವ ಸಂದು 0.2–0.3 ಮಿ.ಮೀ. ಮಾತ್ರ. 180 ನಂಬರಿನ ಸ್ಯಾಂಡ್ ಪೇಪರಿನಲ್ಲಿ ಅಂಚು ಉಜ್ಜಿ, ಸಂದಿನಲ್ಲಿ ಎರಡು ಪೋಸ್ಟ್‌ಕಾರ್ಡ್ ಒಟ್ಟಿಗೆ ಇಳಿಯುವಷ್ಟು ಮಾಡಿದೆವು. ಕರಕಲೂ ಹೋಗುತ್ತದೆ, ಮಕ್ಕಳ ಬೆರಳು ಕಪ್ಪಾಗುವುದಿಲ್ಲ. ಉಜ್ಜಿದ ಅಂಚಿಗೆ ಪಾಲಿಶ್ ತೆಳ್ಳಗೆ ಒಂದು ಕೈ. ಫ್ರೆಂಚ್ ಪಾಲಿಶ್ ಈ ಹವೆಯಲ್ಲಿ ಬೆಳ್ಳಗೆ ಮಂಕಾಗುತ್ತದೆ. ಅದನ್ನು ಮೇ ತಿಂಗಳಲ್ಲೇ ಮುಗಿಸಬೇಕಿತ್ತು. ಈಗ ನೀರು ಬೆರೆಸಿ ಬಳಿಯುವ ವಾರ್ನಿಶ್.

ಆಡಿಸುವ ಕ್ರಮ: ನಾಲ್ಕು ವರ್ಷದವರಿಗೆ ಕರಾವಳಿಯ ಎಂಟು ತುಂಡು ಮಾತ್ರ. ಮುಂಬಯಿಯಿಂದ ಠಾಣೆ, ರಾಯಗಡದ ರೋಹಾ, ಅಲ್ಲಿಂದ ಮುಂದೆ ಕೊಂಕಣ ರೈಲಿನ ಕಪ್ಪು ಗೆರೆ. ರಜೆಗೆ ಊರಿಗೆ ಹೋದ ದಾರಿಯಾದ್ದರಿಂದ ಬೆರಳು ತಾನಾಗಿ ಓಡುತ್ತದೆ. ಐದು ದಾಟಿದವರಿಗೆ ಮಹಾಬಲೇಶ್ವರದಿಂದ ಕೃಷ್ಣೆ, ಭೀಮಾಶಂಕರದಿಂದ ಭೀಮೆ. ಎರಡೂ ಕೂಡುವುದು ಯಾದಗಿರಿ ತುಂಡಿನ ಕೆಳಗಂಚಿನಲ್ಲಿ. ತುಂಡು ಕೊಡುವಾಗ ಹೆಸರು ಹೇಳುವುದಿಲ್ಲ. 'ನೀರು ಮುಂದೆ ಎಲ್ಲಿಗೆ ಹೋಗುತ್ತೆ?' ಎಂದಷ್ಟೇ.

ಅತಿ ಹೆಚ್ಚು ಹೊತ್ತು ಕೈಯಲ್ಲಿ ಉಳಿಯುವುದು ಬೆಳಗಾವಿ. ಖಾನಾಪುರ ತಾಲ್ಲೂಕಿನಲ್ಲೇ ಮಲಪ್ರಭೆ ಹುಟ್ಟಿ ಪೂರ್ವಕ್ಕೆ, ಮಹದಾಯಿ ಹುಟ್ಟಿ ಪಶ್ಚಿಮಕ್ಕೆ. ತುಂಡಿನ ಮೇಲೆ ಎರಡು ಚುಕ್ಕೆಗಳ ನಡುವೆ ಬೆರಳಗಲವಷ್ಟೇ. ಒಂದು ಕೃಷ್ಣೆ ಸೇರಿ ಬಂಗಾಳಕೊಲ್ಲಿಗೆ, ಇನ್ನೊಂದು ಗೋವಾದ ತುಂಡಿನ ಮೇಲೆ ಮಾಂಡವಿಯಾಗಿ ಪಣಜಿ ದಾಟಿ ಚೌಕಟ್ಟಿನ ನೀಲಿಗೆ. 'ಯಾಕೆ ಬೇರೆ ಬೇರೆ?' ಎಂಬ ಪ್ರಶ್ನೆಗೆ ಹಲಗೆ ಚಪ್ಪಟೆಯಾಗಿರುವುದರಿಂದ ಉತ್ತರವಿಲ್ಲ. ಮುಂದಿನ ಹಾಳೆಯಲ್ಲಿ ಸಹ್ಯಾದ್ರಿಯ ನೆತ್ತಿಗೆ 5 ಮಿ.ಮೀ. ಅಗಲದ ಸ್ಯಾಂಡ್ ಪೇಪರ್ ಪಟ್ಟಿ ಅಂಟಿಸಿ ನೋಡುವುದು. ಬೆಳಗಾವಿಯಲ್ಲಿ ಅದು ಆ ಎರಡು ಚುಕ್ಕೆಗಳ ನಡುವೆಯೇ ಹಾಯಬೇಕು.