ಅಪ್ಪನ ಪೆನ್ಸಿಲ್ ಲೆಕ್ಕ

1983ರ ಜನವರಿ. ಕರ್ನಾಟಕ ವಿಧಾನಸಭೆ ಚುನಾವಣೆಯ ಫಲಿತಾಂಶ ಬಂದಿತ್ತು. ಅಪ್ಪ ರೇಡಿಯೋ ಪಕ್ಕ ಕೂತು ಹಳೇ ಕ್ಯಾಲೆಂಡರ್ ಹಿಂದೆ ಪೆನ್ಸಿಲ್‌ನಲ್ಲಿ ಬರೆದಿದ್ದರು: ಜನತಾ 95, ಕಾಂಗ್ರೆಸ್ 82. ಬಹುಮತಕ್ಕೆ 113. ಕೊರತೆ 18. ಬಿಜೆಪಿ ಗೆದ್ದಿದ್ದೂ ಸರಿಯಾಗಿ 18! ‘ಆರು ತಿಂಗಳು ಬಾಳಲ್ಲ ಈ ಜನತಾ ಸರ್ಕಾರ’ ಅಂದರು.

ಜನತಾ ಪಕ್ಷದಿಂದ ಮುಖ್ಯಮಂತ್ರಿಯಾದ ರಾಮಕೃಷ್ಣ ಹೆಗಡೆ ಆಗ ಶಾಸಕರೂ ಆಗಿರಲಿಲ್ಲ. ಆಮೇಲೆ ಕನಕಪುರದ ಉಪಚುನಾವಣೆಯಲ್ಲಿ ಗೆದ್ದರು. ಬಿಜೆಪಿ, ಎಡಪಕ್ಷಗಳು ಹೊರಗಿನಿಂದ ಬೆಂಬಲ ಕೊಟ್ಟವು. ಕೇಸರಿ, ಕೆಂಪು ಎರಡೂ ಒಂದೇ ಕಡೆ. ಈಗ ಹೇಳಿದರೆ ನನ್ನ ಮಗಳು ಸುಮ್ನೆ ನಗುತ್ತಾಳೆ. ಕಾಂಗ್ರೆಸ್ ವಾಪಸ್ ಬರಬಾರದು ಅನ್ನೋ ಹಟವೇ ಅವರನ್ನು ಅಂಟಿಸಿತ್ತು ಅಂತ ನನ್ನ ಅನಿಸಿಕೆ.

ಅಂಥ ಸರ್ಕಾರ ಖುರ್ಚಿ ಹಿಡಿದು ಕೂರುತ್ತದೆ, ಅಷ್ಟೇ ಅಂದುಕೊಳ್ಳುತ್ತೇವೆ ಅಲ್ವಾ? ಇವರು ಅಧಿಕಾರವನ್ನು ಜಿಲ್ಲೆ, ಹಳ್ಳಿಗಳಿಗೆ ಹಂಚುವ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಯ ಮಸೂದೆ ತಂದರು. ಲೋಕಾಯುಕ್ತ ಕಾಯ್ದೆಯೂ ಆಗಲೇ ಬಂತು. ನಮ್ಮೂರ ಮಾರಿಗುಡಿ ಎದುರು ಬೋರ್‌ವೆಲ್ ಕೊರೆದರು. ಕೈಪಂಪಿನ ಹಿಡಿ ಒತ್ತಲು ನನ್ನ ಭಾರ ಸಾಲದೆ ನೇತಾಡುತ್ತಿದ್ದೆ. ನೀರು ಬಂದಾಗ ತುಕ್ಕಿನ ವಾಸನೆ. ಹೆಗಡೆ ಸಂಪುಟದ ಗ್ರಾಮೀಣಾಭಿವೃದ್ಧಿ ಮಂತ್ರಿ ಅಬ್ದುಲ್ ನಜೀರ್ ಸಾಬ್ ಹಳ್ಳಿಗಳಲ್ಲಿ ‘ನೀರ್ ಸಾಬ್’ ಆಗಿದ್ದು ಇದರಿಂದಲೇ.

1984ರ ಲೋಕಸಭೆ ಚುನಾವಣೆಯಲ್ಲಿ ಜನತಾ ಪಕ್ಷಕ್ಕೆ ರಾಜ್ಯದ 28ರಲ್ಲಿ ಬರೀ 4. ಹೆಗಡೆ ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಹೋದರು. 1985ರ ಮಾರ್ಚ್‌ನಲ್ಲಿ ವಿಧಾನಸಭೆಯಲ್ಲಿ ಜನತಾಗೆ 139 ಸೀಟು.

ಅಪ್ಪ ಮತ್ತೆ ಪೆನ್ಸಿಲ್ ಹುಡುಕಿದರು. ಈ ಸಲ ಕೂಡೋದು, ಕಳೆಯೋದು ಏನೂ ಇರಲಿಲ್ಲ.