ಒಂಬತ್ತು ಸೆಕೆಂಡು

ಶನಿವಾರದಿಂದ ಇವತ್ತು ಗುರುವಾರದವರೆಗೆ ಒಂದೇ ಮಾತು ಕಿವಿಯಲ್ಲಿ ಕುಳಿತಿದೆ. "ತಪ್ಪು ನಮ್ಮದು." ಹೇಳಿದವರು ಎಂಬತ್ತೆರಡು ವರ್ಷದ ಅಜ್ಜ. ತಪ್ಪು ಮಾಡಿದವಳು ನಾನು.

ಮಗಳ ಹ್ಯಾಂಡ್‌ಬಾಲ್ ಪಂದ್ಯ, ಚೆಂಡನ್ನು ಕೈಯಿಂದ ಗೋಲಿಗೆ ಎಸೆಯುವ ಆಟ. ಈಗ ನಮ್ಮೂರು ಎಂದರೆ ಜರ್ಮನಿಯ ಸ್ಟುಟ್‌ಗಾರ್ಟ್‌ನಿಂದ ಗೋಪಿಂಗನ್ ಕಡೆಗೆ ಹೋಗುವ ರೈಲುದಾರಿಯ ಪಕ್ಕದ ಒಂದು ಹಳ್ಳಿ. ಇಲ್ಲಿನ ಮಕ್ಕಳು ನಡೆಯಲು ಕಲಿತ ಸ್ವಲ್ಪ ದಿನಕ್ಕೇ ಚೆಂಡು ಎಸೆಯಲು ಕಲಿಯುತ್ತಾರೆ. ಮಗಳು ಎಂಟು ವರ್ಷದವಳಿದ್ದಾಗ ಹಳ್ಳಿಯ ಸಂಘಕ್ಕೆ ಸೇರಿದಳು, ಈಗ ಹದಿಮೂರು. ನಾನೂ ಚಂದಾ ಕಟ್ಟಿ ಸದಸ್ಯೆಯಾದೆ. ಪಂದ್ಯದ ದಿನ ಕೇಕ್ ಮಾಡಿಕೊಂಡು ಹೋಗುವುದು, ಸರದಿ ಬಂದಾಗ ತಂಡದ ಜೆರ್ಸಿಗಳನ್ನು ಮನೆಗೆ ತಂದು ಒಗೆಯುವುದು, ಕಾಫಿ ಮೇಜಿನ ಹಿಂದೆ ನಿಲ್ಲುವುದು, ಇಷ್ಟೇ ನನ್ನ ಸಂಘಸೇವೆ. ಕಳೆದ ವರ್ಷ ಸಂಘದ ಹಿರಿಯರಾದ ಈ ಅಜ್ಜ ಹಿಡಿದು ನಿಲ್ಲಿಸಿ, "ಟೈಮ್‌ಕೀಪರ್ ತರಬೇತಿ ಮಾಡಿಕೋ, ನಮಗೆ ಜನ ಸಾಲುತ್ತಿಲ್ಲ" ಎಂದರು. ಮಾಡಿಕೊಂಡೆ. ಪರೀಕ್ಷೆಯಲ್ಲಿ ಪಾಸಾದೆ. ಶನಿವಾರ ಮೊದಲ ಸಲ ಮೇಜಿಗೆ ಕುಳಿತೆ. ಎಡಗಡೆ ಗಡಿಯಾರದ ಗುಂಡಿಗಳ ಮುಂದೆ ನಾನು, ಬಲಗಡೆ ಸ್ಕೋರ್ ಬರೆಯಲು ಅಜ್ಜ.

ಕೊನೆಯ ನಿಮಿಷ. 22–21, ನಮ್ಮ ಹುಡುಗಿಯರು ಒಂದು ಗೋಲು ಮುಂದಿದ್ದರು. ಎದುರು ತಂಡದ ಹುಡುಗಿಯೊಬ್ಬಳು ಆರು ಮೀಟರ್ ಗೆರೆಯ ಬಳಿ ಚೆಂಡು ಹಿಡಿದು ತಿರುಗಿದಳು, ನನ್ನ ಮಗಳು ಅಡ್ಡ ಬಂದಳು, ಇಬ್ಬರೂ ಬಿದ್ದರು. ಆ ಹುಡುಗಿ ಮೊಣಕಾಲು ಹಿಡಿದುಕೊಂಡು ಏಳಲಿಲ್ಲ. ರೆಫರಿ ಮೂರು ಸಲ ಸೀಟಿ ಊದಿ, ಎರಡೂ ಕೈ ಜೋಡಿಸಿ ಟಿ ಅಕ್ಷರದ ಆಕಾರ ಮಾಡಿ ನಮ್ಮ ಮೇಜಿನ ಕಡೆ ತೋರಿಸಿದರು. ಗಡಿಯಾರ ನಿಲ್ಲಿಸಬೇಕು. ನಾನು ಮಾತ್ರ ಮಗಳ ಮುಖ ನೋಡುತ್ತಿದ್ದೆ. ಇವಳನ್ನು ಎರಡು ನಿಮಿಷ ಹೊರಗೆ ಕಳುಹಿಸುತ್ತಾರೋ, ಅಥವಾ ಇವಳಿಗೇ ಪೆಟ್ಟಾಯಿತೋ ಎಂದು. ಗೋಡೆಯ ಮೇಲಿನ ಗಡಿಯಾರ ಓಡುತ್ತಲೇ ಇತ್ತು.

ಎದುರು ತಂಡದ ತರಬೇತುದಾರ್ತಿ ಕೂಗುತ್ತಾ ಮೇಜಿಗೆ ಬಂದಾಗ ಎಚ್ಚರವಾಯಿತು, ಗುಂಡಿ ಒತ್ತಿದೆ. 24 ನಿಮಿಷ 54 ಸೆಕೆಂಡಿಗೆ ನಿಂತಿತು. ಅರ್ಧಾವಧಿ 25 ನಿಮಿಷದ್ದು. ಅಂದರೆ ಪಂದ್ಯ ಮುಗಿಯಲು ಆರೇ ಸೆಕೆಂಡು, ಗೆಲುವು ನಮ್ಮದೇ.

ಅಜ್ಜ ಎದ್ದು ನಿಂತರು. ಕುತ್ತಿಗೆಯಲ್ಲಿ ಹಳೆಯ ದಾರಕ್ಕೆ ಕಟ್ಟಿಕೊಂಡ ಸ್ಟಾಪ್‌ವಾಚ್ ಇತ್ತು. ಗೋಡೆಯ ಗಡಿಯಾರದ ಜೊತೆಗೆ ಅವರು ಪ್ರತಿ ಪಂದ್ಯದಲ್ಲೂ ಅದನ್ನು ಓಡಿಸುತ್ತಾರೆ, ಯಾರೂ ಕೇಳದಿದ್ದರೂ. ಸೀಟಿ ಕೇಳಿದ ಕೂಡಲೇ ಅದನ್ನು ನಿಲ್ಲಿಸಿದ್ದರು. ರೆಫರಿಗೆ ತೋರಿಸಿ ಹೇಳಿದರು: "ತಪ್ಪು ನಮ್ಮದು. ಒಂಬತ್ತು ಸೆಕೆಂಡು."

ಗಡಿಯಾರವನ್ನು 24:45ಕ್ಕೆ ಹಿಂದೆ ಸರಿಸಿದೆ. ಕೈ ನಡುಗುತ್ತಿತ್ತು. ಉಳಿದ ಹದಿನೈದು ಸೆಕೆಂಡಿನಲ್ಲಿ ಅವರು ಚೆಂಡನ್ನು ಬಲದಿಂದ ಎಡಕ್ಕೆ ದಾಟಿಸಿದರು, ಎಡಮೂಲೆಯ ಸಣ್ಣ ಹುಡುಗಿ ಹಾರಿ ಎಸೆದಳು. 22–22. ಸೈರನ್ ಕೂಗಿತು.

ನಮ್ಮ ಕಡೆಯ ಒಬ್ಬ ತಂದೆ, "ಅವಳನ್ನು ಅಲ್ಲಿ ಕೂರಿಸಿದ್ದು ಯಾರು?" ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಆ ಮನುಷ್ಯ ಐದು ವರ್ಷದಲ್ಲಿ ಒಮ್ಮೆಯೂ ಜೆರ್ಸಿ ಒಗೆದದ್ದನ್ನು ನಾನು ಕಂಡಿಲ್ಲ. ಕೂಗಾಡಿದ ತರಬೇತುದಾರ್ತಿಯ ಬಗ್ಗೆ ಮಾತ್ರ ನನಗೆ ಬೇಸರವಿಲ್ಲ. ಅವರು ಕೂಗಲೇಬೇಕಿತ್ತು, ತಮ್ಮ ಮಕ್ಕಳ ಒಂಬತ್ತು ಸೆಕೆಂಡಿಗಾಗಿ.

ಮನೆಗೆ ಬರುವಾಗ ಕಾರಿನಲ್ಲಿ ಮಗಳಿಗೆ ಕ್ಷಮೆ ಕೇಳಿದೆ. ಅವಳು ಕಿಟಕಿಯಿಂದ ಹೊರಗೆ ನೋಡುತ್ತಾ, "ಅಮ್ಮಾ, ಹದಿನೈದು ಸೆಕೆಂಡು ಅವರನ್ನು ತಡೆಯಬೇಕಾಗಿದ್ದದ್ದು ನಾವು. ಎಡಮೂಲೆಯಲ್ಲಿ ಯಾರೂ ನಿಂತಿರಲಿಲ್ಲ" ಎಂದಳು. ಅವಳ ಮಟ್ಟಿಗೆ ಅದು ಅಲ್ಲಿಗೆ ಮುಗಿಯಿತು. ಇವರು, "ಮಕ್ಕಳ ಪಂದ್ಯ, ಅದಕ್ಕೆ ಇಷ್ಟೊಂದು ಯೋಚನೆಯೇ" ಎಂದರು. ಇವರ ಮಾತನ್ನು ನಾನು ಒಪ್ಪುವುದಿಲ್ಲ. ಮಕ್ಕಳ ಪಂದ್ಯವೆಂದೇ ಆ ಅಜ್ಜ ಅಷ್ಟು ಬೇಗ ಎದ್ದು ನಿಂತರು ಎಂದು ನನಗೆ ಅನ್ನಿಸುತ್ತದೆ.

ನಾನು ಹಿಂದಿರುಗಿ ಹಿಂದಿರುಗಿ ಕೇಳಿಸಿಕೊಳ್ಳುತ್ತಿರುವುದು ಆ "ನಮ್ಮದು" ಎಂಬ ಶಬ್ದವನ್ನು. ನನ್ನದು ಒಬ್ಬಳೇ ಇದ್ದರೂ "ನಮ್ಮ ಮನೆ", "ನಮ್ಮೂರು", "ನಮ್ಮ ಯಜಮಾನರು" ಎಂದು ಬಹುವಚನದಲ್ಲೇ ಮಾತಾಡುವ ಭಾಷೆ. ಒಳ್ಳೆಯದಕ್ಕೆಲ್ಲ "ನಮ್ಮ" ಎಂದುಕೊಂಡೇ ಬೆಳೆದೆ. ತಪ್ಪು ಬಂದಾಗ ಮಾತ್ರ ಅದಕ್ಕೊಂದು ಹೆಸರು ಹುಡುಕಿ ಹಚ್ಚುವುದನ್ನು ಮನೆಯಲ್ಲೂ ಕಚೇರಿಯಲ್ಲೂ ನೋಡಿದ್ದೇನೆ, ನಾನೂ ಮಾಡಿದ್ದೇನೆ. ಅಜ್ಜ ರೆಫರಿಗೆ "ಇವಳು ಹೊಸಬಳು" ಎಂದಿದ್ದರೂ ಸಾಕಾಗಿತ್ತು. ಅದು ನಿಜವೂ ಆಗಿತ್ತು.

ಈ ಅಜ್ಜನನ್ನು ಹೇಗೆ ಕರೆಯಬೇಕೆಂಬುದೇ ನನಗೆ ಬಹಳ ದಿನ ತೊಡಕಾಗಿತ್ತು. ಜರ್ಮನ್ ಭಾಷೆಯಲ್ಲೂ ನಮ್ಮ ಹಾಗೆ ನೀನು, ನೀವು ಇವೆ: ಡೂ ಮತ್ತು ಜೀ. ಕಚೇರಿಯಲ್ಲಿ, ಬ್ಯಾಂಕಿನಲ್ಲಿ ಜೀ. ಸಂಘದಲ್ಲಿ ಮಾತ್ರ ಎಲ್ಲರೂ ಎಲ್ಲರಿಗೂ ಡೂ. ಎಂಟು ವರ್ಷದ ಮಗು ಎಂಬತ್ತೆರಡರ ಅಜ್ಜನನ್ನು ಏಕವಚನದಲ್ಲಿ ಕರೆಯುತ್ತದೆ. ನನ್ನ ನಾಲಿಗೆ ಅದಕ್ಕೆ ಬಗ್ಗಲಿಲ್ಲ. ಮೊದಲ ವರ್ಷ ಜೀ ಎಂದಾಗಲೆಲ್ಲ ಅವರು, "ನಾನು ಬ್ಯಾಂಕ್ ಮ್ಯಾನೇಜರ್ ಅಲ್ಲ" ಎನ್ನುತ್ತಿದ್ದರು. ಈಗ ಬಾಯಲ್ಲಿ ಡೂ ಎನ್ನುತ್ತೇನೆ. ಮನಸ್ಸಿನಲ್ಲಿ ಅವರು ಅಜ್ಜನೇ, ಬಹುವಚನದ ಅಜ್ಜ.

ಅವರು ಗೋಲ್‌ಕೀಪರ್ ಆಗಿದ್ದವರು. ಎಡಗೈಯ ಉಂಗುರಬೆರಳು ಮೇಲಿನ ಗೆಣ್ಣಿನಲ್ಲಿ ಹೊರಕ್ಕೆ ಬಾಗಿದೆ. ಹ್ಯಾಂಡ್‌ಬಾಲ್ ಗೋಲು ಮೂರು ಮೀಟರ್ ಅಗಲ, ಎರಡು ಮೀಟರ್ ಎತ್ತರ. ಗಂಡಸರ ಚೆಂಡು 425ರಿಂದ 475 ಗ್ರಾಂ. ಅದನ್ನು ಆರೇಳು ಮೀಟರ್ ದೂರದಿಂದ ಬಲವಾಗಿ ಎಸೆದಾಗ ಬರಿಗೈಯಲ್ಲಿ ತಡೆಯಬೇಕು, ಗೋಲ್‌ಕೀಪರ್‌ಗೆ ಕೈಗವಸು ಇಲ್ಲ. ಆ ಬೆರಳಿನಿಂದಲೇ ಅವರು ಪೆನ್ಸಿಲಿಗೆ ಆನಿಕೆ ಕೊಡುತ್ತಾರೆ, ಏಕೆಂದರೆ ಎಡಗೈಯಲ್ಲಿ ಬರೆಯುವವರು. ಸ್ಕೋರ್ ಲ್ಯಾಪ್‌ಟಾಪಿನಲ್ಲಿ ಹೋಗುತ್ತದೆ, ಆದರೂ ಪಕ್ಕದಲ್ಲಿ ಒಂದು ನೋಟ್‌ಬುಕ್ ಇರಲೇಬೇಕು. ಗೋಲಿಗೊಂದು ನೇರ ಗೆರೆ, ಐದನೆಯದು ಅಡ್ಡ.

ಮೊದಲ ಸಲ ಅವರ ಬಾಯಲ್ಲಿ ಕೆಂಪಾ ಎಂಬ ಹೆಸರು ಕೇಳಿದಾಗ ಬೆಂಗಳೂರು ಕಟ್ಟಿದ ಕೆಂಪೇಗೌಡರೇ ನೆನಪಾಗಿ ಬೆಚ್ಚಿದ್ದೆ. ಬರ್ನ್‌ಹಾರ್ಡ್ ಕೆಂಪಾ ಗೋಪಿಂಗನ್‌ನ ಫ್ರಿಶ್ ಔಫ್ ಸಂಘದ ಆಟಗಾರ. ಆಟಗಾರನೊಬ್ಬ ಗೋಲಿನ ಮುಂದಿನ ಆರು ಮೀಟರ್ ಗೆರೆಯಿಂದ ಗಾಳಿಗೆ ಹಾರಿ, ಅಲ್ಲೇ ಚೆಂಡು ಹಿಡಿದು, ನೆಲ ಮುಟ್ಟುವ ಮೊದಲೇ ಗೋಲಿಗೆ ಎಸೆಯುವ ವರಸೆಗೆ ಇವತ್ತಿಗೂ ಅವರದೇ ಹೆಸರು. ಗೆರೆಯೊಳಗೆ ಕಾಲಿಡಬಾರದು, ಗಾಳಿಯಲ್ಲಿ ದಾಟಬಹುದು. ಅಷ್ಟು ಸಣ್ಣ ಸಂದಿನಲ್ಲಿ ಹುಟ್ಟಿದ ಚಮತ್ಕಾರ ಅದು. 1896ರಲ್ಲಿ ಹುಟ್ಟಿದ ಫ್ರಿಶ್ ಔಫ್, 1954ರಿಂದ 1972ರೊಳಗೆ ಒಳಾಂಗಣದಲ್ಲಿ ಒಂಬತ್ತು ಸಲ ಜರ್ಮನ್ ಚಾಂಪಿಯನ್ ಆಯಿತು, 1960 ಮತ್ತು 1962ರಲ್ಲಿ ಯುರೋಪಿಯನ್ ಕಪ್ ಗೆದ್ದಿತು. ಬೆಂಗಳೂರು, ಮೈಸೂರಿನಷ್ಟು ದೊಡ್ಡ ನಗರವಲ್ಲ ಗೋಪಿಂಗನ್, ನಮ್ಮ ಕಡೆಯ ಒಂದು ಜಿಲ್ಲಾ ಕೇಂದ್ರಕ್ಕಿಂತಲೂ ಚಿಕ್ಕದು. ಅಜ್ಜ ಹನ್ನೊಂದು ವರ್ಷದ ಹುಡುಗನಾಗಿದ್ದಾಗ ತಂದೆಯ ಸೈಕಲ್ಲಿನ ಹಿಂದೆ ಕುಳಿತು ಕೆಂಪಾ ಆಟ ನೋಡಲು ಹೋಗಿದ್ದರಂತೆ. ಹುಲ್ಲಿನ ಮೈದಾನ, ಎರಡೂ ಕಡೆ ಹನ್ನೊಂದು ಜನ.

ಹೌದು, ಆಗ ಅದು ಬಯಲಿನ ಆಟ. ಫುಟ್‌ಬಾಲ್ ಮೈದಾನದಲ್ಲೇ ಫುಟ್‌ಬಾಲಿನ ಗೋಲಿಗೇ ಕೈಯಿಂದ ಎಸೆಯುತ್ತಿದ್ದರು. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಆಡಿದ್ದು ಅದನ್ನೇ, ಫೈನಲ್‌ನಲ್ಲಿ ಜರ್ಮನಿ ಆಸ್ಟ್ರಿಯಾವನ್ನು 10–6ರಿಂದ ಸೋಲಿಸಿತ್ತು. ಬಯಲಿನ ಕೊನೆಯ ವಿಶ್ವ ಚಾಂಪಿಯನ್‌ಷಿಪ್ 1966ರಲ್ಲಿ ನಡೆಯಿತು. ಆಮೇಲೆ ಆಟ ಪೂರ್ತಿಯಾಗಿ ಸೂರಿನೊಳಗೆ ಬಂತು: 40 ಮೀಟರ್ ಉದ್ದ, 20 ಮೀಟರ್ ಅಗಲ, ಏಳು ಏಳು ಜನ. 1972ರ ಮ್ಯೂನಿಕ್ ಒಲಿಂಪಿಕ್ಸ್‌ಗೆ ಅದು ಈ ರೂಪದಲ್ಲಿ ಮರಳಿದಾಗ ಕೆಲವು ಪಂದ್ಯಗಳು ಗೋಪಿಂಗನ್‌ನ ಹೋಹೆನ್‌ಸ್ಟೌಫೆನ್ ಸಭಾಂಗಣದಲ್ಲೇ ನಡೆದವು. ಮಳೆ, ಹಿಮದ ಈ ಊರುಗಳಲ್ಲಿ ಸೂರು ಬೇಕಿತ್ತು, ಒಪ್ಪುತ್ತೇನೆ. ಆದರೆ ಹುಲ್ಲಿನ ಮೇಲಿನ ಆಟದ ಮಾತು ಬಂದಾಗ ಅಜ್ಜನ ಧ್ವನಿಯೇ ಬೇರೆಯಾಗುತ್ತದೆ.

ನನಗೆ ಇದಕ್ಕಿಂತ ಹಳೆಯ ಕಥೆಯೊಂದು ಹೆಚ್ಚು ಪ್ರೀತಿ. 1917ರ ಅಕ್ಟೋಬರ್ 29ರಂದು ಬರ್ಲಿನ್‌ನಲ್ಲಿ ಮ್ಯಾಕ್ಸ್ ಹೈಸರ್ ಎಂಬವರು ಈ ಆಟಕ್ಕೆ ಹ್ಯಾಂಡ್‌ಬಾಲ್ ಎಂದು ಹೆಸರಿಟ್ಟು ನಿಯಮ ಬರೆದದ್ದು ಹೆಂಗಸರಿಗಾಗಿ. ಯುದ್ಧದ ಕಾಲ. ತಳ್ಳಾಟವಿಲ್ಲದೆ ಹೆಂಗಸರು ಆಡುವಂಥ ಆಟ ಬೇಕಿತ್ತು. ಎರಡು ವರ್ಷದ ನಂತರ ಕಾರ್ಲ್ ಶೆಲೆನ್ಸ್ ಅದಕ್ಕೆ ಓಟವನ್ನೂ ಮೈಗೆ ಮೈ ತಾಗುವ ಪೈಪೋಟಿಯನ್ನೂ ಸೇರಿಸಿದ ಮೇಲೆ ಗಂಡಸರು ತಮ್ಮದು ಮಾಡಿಕೊಂಡರು. ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ ಜಾಗ ಸಿಕ್ಕಿದ್ದು 1976ರಲ್ಲಿ. ತಮಗಾಗಿಯೇ ಹುಟ್ಟಿದ ಆಟಕ್ಕೆ ಐವತ್ತೊಂಬತ್ತು ವರ್ಷ ಕಾಯಬೇಕಾಯಿತು. ಮಗಳು ಆಡುವಾಗಲೆಲ್ಲ ಇದು ನೆನಪಾಗಿ ನನಗೆ ಸಿಟ್ಟೂ ಬರುತ್ತದೆ, ಹೆಮ್ಮೆಯೂ ಆಗುತ್ತದೆ.

ನಮ್ಮ ಹಳ್ಳಿಯ ಸಂಘ ಇಂಥ ಯಾವ ಕಪ್ಪನ್ನೂ ಗೆದ್ದಿಲ್ಲ. ಒಂದೇ ಒಂದು ಸಲ ಗಂಡಸರ ತಂಡ ಮೇಲಿನ ದರ್ಜೆಗೆ ಏರಿ ಮರುವರ್ಷ ಇಳಿಯಿತು. ಸಭಾಂಗಣದ ಬಾಗಿಲ ಬಳಿಯ ಗಾಜಿನ ಕಪಾಟಿನಲ್ಲಿ ಆ ತಂಡದ ಚಿತ್ರವಿದೆ, ಬಣ್ಣ ಮಾಸಿ ಎಲ್ಲರ ಜೆರ್ಸಿಯೂ ಗುಲಾಬಿಯಾಗಿದೆ. ಸಂಘದ ಸಾಧನೆ ಏನೆಂದು ಕೇಳಿದರೆ ಜನ ಆ ಕಪಾಟು ತೋರಿಸುತ್ತಾರೆ. ಅದು ನನಗೆ ಸರಿ ಎನಿಸುವುದಿಲ್ಲ. ವಾರಕ್ಕೆ ಎರಡು ದಿನ, ವರ್ಷಗಟ್ಟಲೆ, ಸಂಬಳವಿಲ್ಲದೆ, ಯಾರೋ ಒಬ್ಬರು ಬಂದು ಬೀಗ ತೆಗೆದು ದೀಪ ಹಾಕಿದ್ದಾರೆ. ಕಪಾಟಿನಲ್ಲಿ ಅದಕ್ಕೊಂದು ಚಿತ್ರವೂ ಇಲ್ಲ.

ಜರ್ಮನಿಯಲ್ಲಿ ಒಂದು ಸಂಘವನ್ನು ನೋಂದಾಯಿಸಲು ಕನಿಷ್ಠ ಏಳು ಸದಸ್ಯರು ಬೇಕು. ಇದನ್ನು ಓದಿದಾಗ ಅಪ್ಪ ನೆನಪಾದರು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲೂ ಏಳೇ ಜನ. ಹಾಸನ ಜಿಲ್ಲೆಯ ನನ್ನ ಹುಟ್ಟೂರಿನಲ್ಲಿ ಯುವಕ ಸಂಘ ಮಾಡಲು ಆರು ಜನ ಸಿಕ್ಕು ಏಳನೆಯವರಿಗಾಗಿ ಅಪ್ಪ ಪಕ್ಕದ ಊರಿಗೆ ಹೋಗಿ ತಮ್ಮ ಸೋದರಮಾವನ ಸಹಿ ಹಾಕಿಸಿಕೊಂಡು ಬಂದಿದ್ದರು. ವಾಲಿಬಾಲ್ ತಂಡ ಕಟ್ಟಿದರು. ತಾಲ್ಲೂಕು ಮಟ್ಟದಲ್ಲಿ ಗೆದ್ದ ಶೀಲ್ಡ್ ನಮ್ಮ ಮನೆಯ ನಡುಮನೆಯಲ್ಲೇ ಇತ್ತು. ನಡಾವಳಿ ಪುಸ್ತಕವೂ ಇತ್ತು, ಅಪ್ಪನ ದುಂಡನೆಯ ಅಕ್ಷರದಲ್ಲಿ. ಯಾರು ನೆಟ್ ತಂದರು, ಯಾರು ಎಷ್ಟು ಚಂದಾ ಬಾಕಿ, ಯಾವ ಪಂದ್ಯಕ್ಕೆ ಯಾರ ಎತ್ತಿನ ಗಾಡಿ. ಮನೆಯ ಹೆಂಚು ತೆಗೆಸಿ ತಾರಸಿ ಹಾಕಿಸುವಾಗ ಪುಸ್ತಕದ ಕಟ್ಟು ಗೆದ್ದಲು ಹಿಡಿದಿದೆಯೆಂದು ಹಿತ್ತಲಿನಲ್ಲಿ ಸುಟ್ಟರು. ಸುಡಿ ಎಂದವಳು ನಾನೇ. ಆಗ ನನಗೆ ಅದು ಹಳೆಯ ಕಾಗದವಾಗಿತ್ತು. ಇವತ್ತು ಆ ಸಂಘದ ಏಳು ಹೆಸರು ಹೇಳಿ ಎಂದರೆ ಮೂರರ ಮೇಲೆ ನನಗೆ ಬಾರದು. ಊರಿನಲ್ಲಿ ಕೇಳಲು ಯಾರೂ ಉಳಿದಿಲ್ಲ.

ಮಂಗಳವಾರ ಕೇಕ್ ಡಬ್ಬಿ ಹಿಂದಿರುಗಿಸುವ ನೆಪದಲ್ಲಿ ಅಜ್ಜನ ಮನೆಗೆ ಹೋದೆ. ನಿಜವಾಗಿ ಹೋದದ್ದು, ಇನ್ನು ಮೇಜಿಗೆ ಕೂರಲಾರೆ ಎಂದು ಹೇಳಲು. ಅಡುಗೆಮನೆಯಲ್ಲಿ ಕೂರಿಸಿ ಕಾಫಿ ಕೊಟ್ಟರು. ನಾನು ಬಾಯಿ ತೆರೆಯುವ ಮೊದಲೇ ಎದ್ದು ಹೋಗಿ ಒಂದು ಹಳೆಯ ನೋಟ್‌ಬುಕ್ ತಂದರು. ಅಂಥವು ಒಂದು ಕಪಾಟು ತುಂಬ ಇವೆ. ದಿನಾಂಕ, ಎದುರಾಳಿ, ಸ್ಕೋರ್, ಟೈಮ್‌ಕೀಪರ್, ಷರಾ. ಷರಾದಲ್ಲಿ ಎಲ್ಲವೂ ಇದೆ. "ಹಿಮ. ಎದುರು ತಂಡ ಅರ್ಧ ಗಂಟೆ ತಡ." "ಎರಡನೆಯ ದೀಪ ಉರಿಯಲಿಲ್ಲ." "ಗೋಲ್‌ಕೀಪರ್‌ನ ಹಲ್ಲು ಮುರಿಯಿತು." ಬಾಗಿದ ಬೆರಳು ಪುಟದ ಮೇಲೆ ಮೆಲ್ಲನೆ ಇಳಿದು ಒಂದು ಸಾಲಿನ ಬಳಿ ನಿಂತಿತು. ಟೈಮ್‌ಕೀಪರ್ ಕಲಮಿನಲ್ಲಿ ಅವರದೇ ಹೆಸರು. ಷರಾ: "ಗಡಿಯಾರ. ನನ್ನ ತಪ್ಪು. ಸೋತೆವು."

"ಆ ದಿನ ಪಕ್ಕದಲ್ಲಿ ಕುಳಿತಿದ್ದವನು ಏನೂ ಹೇಳಲಿಲ್ಲ" ಎಂದರು. ಅಷ್ಟೇ. ಆ ಪಕ್ಕದವರು ಯಾರೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಈ ವರ್ಷದ ನೋಟ್‌ಬುಕ್ ಮೇಜಿನ ಮೇಲೆಯೇ ಇತ್ತು. ಶನಿವಾರದ ಸಾಲಿನಲ್ಲಿ ನನ್ನ ಹೆಸರನ್ನು ಬರೆದು, ಒಂದು ಅಕ್ಷರ ತಿದ್ದಿ, ಮತ್ತೆ ಬರೆದಿದ್ದರು. ಸ್ಕೋರಿನ ಪಕ್ಕ ಷರಾ: "ಗಡಿಯಾರ, 9 ಸೆಕೆಂಡು. ನಮ್ಮ ತಪ್ಪು."

ಹೇಳಬೇಕೆಂದು ಹೋದದ್ದನ್ನು ಹೇಳದೆ ಬಂದೆ. ನಾಡಿದ್ದು ಮೂರೂವರೆಗೆ ಪಂದ್ಯ. ಈ ಸಲ ಕಿರಿಯ ಹುಡುಗರದು, ಮಗಳು ಆಡುವುದಿಲ್ಲ.