ನಾನಾಗಿಯೇ ಕೊಡುತ್ತೇನೆ

ಏಪ್ರಿಲ್ 18, 2025, ಶುಕ್ರವಾರ
ಪೆರ್ಲ, ಕಾಸರಗೋಡು

ಇವತ್ತು ಗುಡ್ ಫ್ರೈಡೇ. ರಾತ್ರಿ ಹತ್ತಾಯಿತು, ಸೆಕೆಗೆ ನಿದ್ದೆ ಬರುತ್ತಿಲ್ಲ. ಬರೆದೇ ಮಲಗೋಣ ಅಂತ ಕೂತೆ.

ಮಧ್ಯಾಹ್ನ ಮೂರಕ್ಕೆ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಇದ್ದೆವು. ಈ ದಿನ ನಮ್ಮಲ್ಲಿ ಬಲಿಪೂಜೆ ಇಲ್ಲ, ಗಂಟೆಯೂ ಇಲ್ಲ. ಗಂಟೆಯ ಬದಲು ಮರದ ಹಲಗೆ ಬಡಿಯುತ್ತಾರೆ. ಚಿಕ್ಕವಳಿದ್ದಾಗ ಆ ಟಕಟಕ ಸದ್ದಿಗೆ ಹೆದರಿ ಅಮ್ಮನ ಸೆರಗು ಹಿಡಿಯುತ್ತಿದ್ದೆ. ಇವತ್ತೂ ಎದೆ ಒಮ್ಮೆ ಝಲ್ಲೆಂದಿತು.

ಗುಡ್ ಫ್ರೈಡೇ ದಿನ ಓದುವುದು ಯಾವಾಗಲೂ ಬೈಬಲಿನ ಯೊವಾನ್ನರ ಶುಭಸಂದೇಶ. ಮೊನ್ನೆ ಗರಿಗಳ ಭಾನುವಾರ ಲೂಕರದ್ದು ಓದಿದ್ದರು. ಲೂಕರಲ್ಲಿ, ಹಿಡಿಯಲು ಬರುವ ಮೊದಲು, ಯೇಸು ಬಹಳ ಸಂಕಟಪಡುತ್ತಾರೆ. ಬೆವರು ರಕ್ತದ ಹನಿಯ ಹಾಗೆ ನೆಲಕ್ಕೆ ಬೀಳುತ್ತದೆ. ಅಪ್ಪಾ, ನಿಮಗೆ ಮನಸ್ಸಿದ್ದರೆ ಈ ಪಾತ್ರೆಯನ್ನು ನನ್ನಿಂದ ತೆಗೆದುಬಿಡಿ ಅಂತ ಬೇಡುತ್ತಾರೆ. ಯೇಸುವನ್ನು ತೋಟದಲ್ಲಿ ಹಿಡಿಯುವ ಅದೇ ರಾತ್ರಿಯನ್ನು ಯೊವಾನ್ನರು ಬರೆದಲ್ಲಿ ಆ ಬೇಡಿಕೆ ಇಲ್ಲ. ದೀಪ, ಪಂಜು, ಆಯುಧ ಹಿಡಿದು ಬಂದವರ ಎದುರಿಗೆ ಯೇಸುವೇ ನಡೆದು ಬರುತ್ತಾರೆ. ಯಾರನ್ನು ಹುಡುಕುತ್ತಿದ್ದೀರಿ ಅಂತ ಕೇಳುತ್ತಾರೆ. ನಾನೇ ಅವನು, ನಾನು ಬೇಕಿದ್ದರೆ ಇವರನ್ನು ಹೋಗಲು ಬಿಡಿ ಅನ್ನುತ್ತಾರೆ.

ನನಗೆ ಎರಡೂ ಬೇಕು. ಹೆದರಿಕೆಯೇ ಗೊತ್ತಿಲ್ಲದವರು ಕೊಟ್ಟ ಪ್ರಾಣ ಅಲ್ಲ ಅದು. ಬೆವರು ಒರೆಸಿಕೊಂಡು ಎದ್ದು ಬಂದವರು ಕೊಟ್ಟದ್ದು.

ಅದೇ ಯೊವಾನ್ನರ ಹತ್ತನೇ ಅಧ್ಯಾಯದಲ್ಲಿ, ಒಳ್ಳೆಯ ಕುರುಬನ ಮಾತು ಬರುವಲ್ಲಿ, ಯೇಸು ಹೇಳಿದ್ದುಂಟು. ನನ್ನ ಪ್ರಾಣವನ್ನು ಯಾರೂ ಕಿತ್ತುಕೊಳ್ಳುವುದಿಲ್ಲ, ನಾನಾಗಿಯೇ ಕೊಡುತ್ತೇನೆ. ಈ ‘ನಾನಾಗಿಯೇ’ ಎಷ್ಟು ದೊಡ್ಡ ಮಾತು ಅಂತ ಬಹಳ ವರ್ಷ ನನಗೆ ಹೊಳೆದಿರಲಿಲ್ಲ. ಹೊಳೆಯುವಂತೆ ಮಾಡಿದವರು ನಮ್ಮ ಮೇಲಿನ ಮನೆಯ ಅಕ್ಕ. ಅವರು ಇಗರ್ಜಿಗೆ ಬರುವವರಲ್ಲ, ಬೈಬಲ್ ಓದಿದವರೂ ಅಲ್ಲ.

ಅಕ್ಕನ ಮಗನಿಗೆ ಈಗ 33 ವರ್ಷ. ಹುಟ್ಟಿದಾಗಿನಿಂದ ಮಲಗಿದಲ್ಲೇ ಇದ್ದಾನೆ. ನಮ್ಮ ಎಣ್ಮಕಜೆ ಪಂಚಾಯತಿನ ಗುಡ್ಡಗಳ ಗೇರು ತೋಟಕ್ಕೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ವಿಷ ಬಿಡುತ್ತಿದ್ದ ಕಾಲ ಅದು. ಇಪ್ಪತ್ತು ವರ್ಷಕ್ಕೂ ಜಾಸ್ತಿ ಬಿಟ್ಟರು, 2000ದವರೆಗೆ. ಬಾವಿ, ತೋಡು, ಸುರಂಗದ ನೀರು, ಒಣಗಲು ಹಾಕಿದ ಬಟ್ಟೆ, ಎಲ್ಲದರ ಮೇಲೂ ಬಿತ್ತು. 2011ರಲ್ಲಿ ಸುಪ್ರೀಂ ಕೋರ್ಟು ಇಡೀ ದೇಶದಲ್ಲಿ ಅದನ್ನು ನಿಲ್ಲಿಸಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕು ಅಂತ ಆದೇಶ ಬಂತು. ಅಕ್ಕ ಮಗನನ್ನು ಎತ್ತಿಕೊಂಡು ಸಂತ್ರಸ್ತರನ್ನು ಪರೀಕ್ಷಿಸುವ ಕ್ಯಾಂಪಿನಿಂದ ಕ್ಯಾಂಪಿಗೆ ಅಲೆದದ್ದನ್ನು ನಾನೇ ಕಂಡಿದ್ದೇನೆ.

ಕೆಲವು ವರ್ಷಗಳ ಹಿಂದೆ, ಇಂಥದ್ದೇ ಒಂದು ಶುಕ್ರವಾರ, ಇಗರ್ಜಿಯಿಂದ ಬರುವಾಗ ಅವರ ಜಗಲಿಯಲ್ಲಿ ಕೂತೆ. ಪ್ರಸಂಗ ಕೇಳಿ ಮನಸ್ಸು ತುಂಬಿತ್ತು. "ನಿಮ್ಮದು ದೊಡ್ಡ ತ್ಯಾಗ ಅಕ್ಕ, ಶಿಲುಬೆ ಹೊತ್ತ ಹಾಗೆ" ಅಂದುಬಿಟ್ಟೆ.

ಅಕ್ಕ ಮಡಚುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟರು. "ತ್ಯಾಗ ಎಂತದ್ದು? ನಾನು ಕೊಟ್ಟದ್ದಾ ಇದು? ಅವರು ಮೇಲಿಂದ ಬಿಟ್ಟದ್ದು. ಬಿಡುವ ಮೊದಲು ನನ್ನ ಹತ್ರ ಯಾರೂ ಕೇಳ್ಲಿಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಇವನನ್ನು ನೋಡಿಕೊಳ್ಳುವುದು ಬೇರೆ. ಅದು ನನ್ನದು" ಅಂದರು.

ನನಗೆ ತಲೆ ಎತ್ತಲು ಆಗಲಿಲ್ಲ. ಯಾರೋ ಮಾಡಿದ ಅನ್ಯಾಯಕ್ಕೆ ನಾನು ದೇವರ ಹೆಸರು ಇಡಲು ಹೊರಟಿದ್ದೆ. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು, ಆದರೂ ತಪ್ಪು ತಪ್ಪೇ. ನಾವು ಕ್ರೈಸ್ತರು ಈ ವಿಷಯದಲ್ಲಿ ಎಚ್ಚರವಾಗಿರಬೇಕು ಅಂತ ಅವತ್ತಿನಿಂದ ಅನ್ನಿಸಿದೆ. ಕಷ್ಟದಲ್ಲಿರುವವರಿಗೆಲ್ಲ ‘ನಿನ್ನ ಶಿಲುಬೆ’ ಅಂದುಬಿಡುವುದು ಸುಲಭ. ಯೇಸುವಿನ ಶಿಲುಬೆಯಲ್ಲೂ ಎರಡು ಕೈ ಕೆಲಸ ಮಾಡಿವೆ. ಮೊಳೆ ಹೊಡೆದ ಕೈ ಒಂದು. ಅದು ಪಾಪ, ಕೊಲೆ. ತನ್ನನ್ನು ಒಪ್ಪಿಸಿಕೊಟ್ಟ ಕೈ ಇನ್ನೊಂದು. ನಾವು ಇವತ್ತು ಮೊಣಕಾಲೂರಿ ಮುತ್ತಿಡುವುದು ಆ ಎರಡನೆಯದಕ್ಕೆ.

ಪೋಲೆಂಡಿನ ಪಾದ್ರಿ, ಸಂತ ಮ್ಯಾಕ್ಸಿಮಿಲಿಯನ್ ಕೋಲ್ಬೆಯವರ ಕಥೆಯನ್ನೂ ಈಗ ನಾನು ಹೀಗೇ ಓದುತ್ತೇನೆ. 1941ರಲ್ಲಿ, ಅವರೂ ಕೈದಿಯಾಗಿದ್ದ ನಾಜಿಗಳ ಔಷ್ವಿಟ್ಸ್ ಕ್ಯಾಂಪಿನಿಂದ ಒಬ್ಬ ಕೈದಿ ತಪ್ಪಿಸಿಕೊಂಡ. ಅದಕ್ಕೆ ಹತ್ತು ಮಂದಿಯನ್ನು ಅನ್ನ ನೀರಿಲ್ಲದೆ ಸಾಯಿಸಲು ಆರಿಸಿದರು. ಅವರಲ್ಲೊಬ್ಬ, ಗಯೋವ್ನಿಚೆಕ್ ಅಂತ, ಹೆಂಡತಿ ಮಕ್ಕಳನ್ನು ನೆನೆದು ಅತ್ತ. ಕೋಲ್ಬೆ ಸಾಲಿನಿಂದ ಹೊರಗೆ ಬಂದು, ಅವನ ಬದಲು ನಾನು ಹೋಗುತ್ತೇನೆ ಅಂದರು. ಎರಡು ವಾರ ಕಳೆದರೂ ಜೀವ ಹೋಗದಿದ್ದಾಗ ಆಗಸ್ಟ್ 14ರಂದು ವಿಷದ ಇಂಜೆಕ್ಷನ್ ಕೊಟ್ಟು ಕೊಂದರು. ಆಗ ಅವರಿಗೆ 47 ವರ್ಷ. 1982ರಲ್ಲಿ ಅವರನ್ನು ಸಂತರೆಂದು ಸಾರಿದಾಗ ಗಯೋವ್ನಿಚೆಕ್ ಅಲ್ಲೇ ಇದ್ದರು. ಆ ಹಸಿವಿನ ಕೋಣೆ ನಾಜಿಗಳದ್ದು. ಸಾಲಿನಿಂದ ಹೊರಗಿಟ್ಟ ಆ ಹೆಜ್ಜೆ ಮಾತ್ರ ಕೋಲ್ಬೆಯವರದ್ದು.

ಅಮ್ಮನ ತವರು ಬೇಳ. ಅಲ್ಲಿನ ಇಗರ್ಜಿ 1890ರದ್ದು, ಶೋಕಮಾತೆಯ ಹೆಸರಿನದ್ದು. ಇವತ್ತಿನ ವಾಚನದಲ್ಲಿ ಶಿಲುಬೆಯ ಬಳಿ ತಾಯಿ ‘ನಿಂತಿದ್ದರು’ ಅಂತ ಬಂತು. ಇಷ್ಟು ವರ್ಷ ಕೇಳಿದ ಸಾಲು, ಇವತ್ತು ಆ ಒಂದು ಶಬ್ದಕ್ಕೆ ಮನಸ್ಸು ಅಂಟಿಕೊಂಡಿತು. ಮಗನನ್ನು ಅಲ್ಲಿಗೆ ಏರಿಸಿದ್ದು ಮರಿಯಮ್ಮನವರಲ್ಲ. ಓಡಿಹೋಗಬಹುದಿತ್ತು, ಎಷ್ಟೋ ಶಿಷ್ಯರು ಓಡಿದ್ದರು. ಅವರು ನಿಂತರು.

ಸಂಜೆ ಅಕ್ಕನ ಮನೆಗೆ ಹೋದೆ. ಮಗನಿಗೆ ಗಂಜಿ ಉಣಿಸುತ್ತಿದ್ದರು. ಅನ್ನವನ್ನು ಬೆರಳಲ್ಲಿ ನುರಿದು ತೆಳ್ಳಗೆ ಮಾಡಿದ್ದರು, ಕಾಟುಮಾವಿನ ಹಣ್ಣಿನ ರಸ ಒಂದು ಚೂರು ಹಿಂಡಿದ್ದರು. ತಲೆಯನ್ನು ಎಡಗೈ ಮೇಲೆ ಇಟ್ಟುಕೊಂಡು, ಚಮಚ ತುಟಿಯ ಹತ್ತಿರ ಹಿಡಿದು ಕಾಯುತ್ತಾರೆ. ಅವನು ನುಂಗಿದ್ದು ಗಂಟಲಲ್ಲಿ ಕಾಣಬೇಕು, ಆಮೇಲೆಯೇ ಇನ್ನೊಂದು. ಒಂದು ಬಟ್ಟಲಿಗೆ ಮುಕ್ಕಾಲು ಗಂಟೆ.

"ನಿಂಗೆ ಇವತ್ತು ಉಪವಾಸ ಅಲ್ವಾ?" ಕೇಳಿದರು.

"ಒಂದು ಹೊತ್ತು ಉಂಡಾಯ್ತು ಅಕ್ಕ."

ಭಾನುವಾರ, ಈಸ್ಟರ್ ದಿನವೇ, ಅವರ ತಮ್ಮನ ಮಗಳ ನಿಶ್ಚಿತಾರ್ಥ. ಹೋಗುವುದಿಲ್ಲ ಅಂತ ಹೇಳಿ ಕಳಿಸಿದ್ದಾರಂತೆ. "ಬೆಳಿಗ್ಗೆ ಪೂಜೆ ಮುಗಿಸಿ ಬರ್ತೇನೆ, ನೀವು ಹೋಗಿ ಬನ್ನಿ, ನಾನು ಕೂತುಕೊಳ್ತೇನೆ" ಅಂದೆ. ಅವರು ನನ್ನ ಮುಖವನ್ನೇ ನೋಡಿದರು.

"ನಿನ್ನ ಹಬ್ಬ ಅಲ್ವಾ ಮಾರಾಯ್ತಿ?"

"ಅದಕ್ಕೇ."

"ನಿನ್ನ ಕೈಯಿಂದ ತಿನ್ನಬೇಕಲ್ಲ ಇವನು" ಅಂತ ಚಮಚ ನನ್ನ ಕೈಗೆ ಕೊಟ್ಟು ಪಕ್ಕಕ್ಕೆ ಸರಿದು ಕೂತರು. ಅವನ ತಲೆ ಅಂದುಕೊಂಡದ್ದಕ್ಕಿಂತ ಭಾರ ಇತ್ತು. ಮೊದಲ ಮೂರು ಚಮಚ ಹೊರಗೆ ಬಂತು. ನಾಲ್ಕನೆಯದಕ್ಕೆ ಅಕ್ಕ ಮೆಲ್ಲಗೆ, "ಅವಸರ ಮಾಡ್ಬೇಡ, ಕಾಯಿ" ಅಂದರು. ಕಾದೆ. ಗಂಟಲು ಅಲುಗಿತು.